ಬೆಚಲೇಲನ ಅಭಿಷೇಕ ಮತ್ತು ನಮ್ಮ ಹತ್ತನೇ ಕ್ಲಾಸ್ ಮಕ್ಕಳು

ಯುವಜನರ ಕೂಟ – ವಾಕ್ಯ ಅಧ್ಯಯನ
ವಾಕ್ಯಭಾಗ: ವಿಮೋಚನಕಾಂಡ 31:1-6 ಮತ್ತು 35:30-35

ಪ್ರಿಯ ಯುವಜನರೇ, ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಊಟ ಕೂಡ ಮಾಡದೆ ನೇರವಾಗಿ ಬಂದಿರುವವರು ಇಲ್ಲಿ ಇದ್ದೀರಿ. ದೇವರು ನಿಮ್ಮನ್ನು ಆಶೀರ್ವದಿಸಲಿ.

ಮಾರ್ಚ್ ತಿಂಗಳು ಹತ್ತಿರ ಬರ್ತಾ ಇದೆ. ಎಸ್‌ಎಸ್‌ಎಲ್‌ಸಿ ಮಕ್ಕಳ ಮನೆಗಳಲ್ಲಿ ಈಗಲೇ ಬಿಸಿ ಶುರುವಾಗಿದೆ. ಇನ್ನು ಕೆಲವು ವಾರದಲ್ಲಿ ಆರಾಧನೆ ಮುಗಿದ ಮೇಲೆ ತಾಯಂದಿರು ಮಕ್ಕಳನ್ನು ಕರ್ಕೊಂಡು ಮುಂದೆ ಬರ್ತಾರೆ. ಕೈಯಲ್ಲಿ ಹಾಲ್ ಟಿಕೆಟ್ ಇರುತ್ತೆ, ಹೊಸ ಪೆನ್ನು ಇರುತ್ತೆ. ನಾವು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀವಿ, ಸಭೆಯೆಲ್ಲ ಆಮೆನ್ ಅನ್ನುತ್ತೆ. ಇದು ಒಳ್ಳೇದು, ಇದು ನಿಲ್ಲಬಾರದು. ಆದರೆ ಇವತ್ತು ನಿಮ್ಮ ಮುಂದೆ ಒಂದು ಪ್ರಶ್ನೆ ಇಡ್ತೀನಿ. ಆ ಮಗು ಸೋಮವಾರ ಸಂಜೆ ಗಣಿತದ ಪುಸ್ತಕ ತೆಗೆದು ಕೂತು, ಒಂದು ಲೆಕ್ಕ ಗೊತ್ತಾಗದೆ ಹಾಗೇ ನೋಡ್ತಾ ಇರುವಾಗ, ಅದರ ಪಕ್ಕದಲ್ಲಿ ನಮ್ಮ ಸಭೆಯಿಂದ ಯಾರು ಇರ್ತಾರೆ?

ಈ ಪ್ರಶ್ನೆಗೆ ವಾಕ್ಯದಲ್ಲಿ ಉತ್ತರ ಇದೆ. ಅದಕ್ಕೆ ನಾವು ಅರಣ್ಯಕ್ಕೆ ಹೋಗಬೇಕು.

ಆತ್ಮನು ತುಂಬಿಸಿದ ಕೆಲಸಗಾರ

ಪೆಂತೆಕೊಸ್ತರಾದ ನಮಗೆ ಪವಿತ್ರಾತ್ಮನ ತುಂಬುವಿಕೆ ಅಂದ ತಕ್ಷಣ ನೆನಪಾಗೋದು ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ. ಮೇಲಂತಸ್ತಿನ ಕೋಣೆ, ಬೆಂಕಿಯ ನಾಲಿಗೆಗಳು, ಅನ್ಯಭಾಷೆ. ಸರಿಯೇ. ಅದರಲ್ಲಿ ಒಂದಕ್ಷರವನ್ನೂ ನಾನು ಕಡಿಮೆ ಮಾಡೋದಿಲ್ಲ. ಆದರೆ ಅದಕ್ಕೂ ಬಹಳ ಹಿಂದೆ, ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ಒಬ್ಬ ಮನುಷ್ಯನ ಹೆಸರು ಹೇಳಿ, ಅವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ತಿಳಿಸ್ತಾರೆ. ಯಾರು ಆ ಮನುಷ್ಯ? ಪ್ರವಾದಿಯಲ್ಲ, ಯಾಜಕನಲ್ಲ. ಯೆಹೂದ ಕುಲದ ಹೂರನ ಮೊಮ್ಮಗ, ಊರಿಯ ಮಗ ಬೆಚಲೇಲ. ಒಬ್ಬ ಕೈಕೆಲಸದವನು.

ಅವನಿಗೆ ಸಿಕ್ಕ ತುಂಬುವಿಕೆ ಯಾವುದಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸ ಮಾಡೋಕೆ. ರತ್ನಗಳನ್ನು ಕೆತ್ತೋಕೆ. ಮರದಲ್ಲಿ ಕೆತ್ತನೆ ಮಾಡೋಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಿಟ್ಟರ್, ಕಾರ್ಪೆಂಟರ್, ಡಿಸೈನರ್ ಕೆಲಸ. ಇವತ್ತು ಅಂಥ ಹುಡುಗ ನಮ್ಮ ಸಭೆಗೆ ಬಂದರೆ ಸೌಂಡ್ ಸಿಸ್ಟಮ್ ರಿಪೇರಿಗೆ ಕರೀತೀವಿ, ಅಭಿಷೇಕ ಹೊಂದಿದವನು ಅಂತ ಕರೆಯೋಕೆ ಯೋಚನೆ ಮಾಡ್ತೀವಿ. ದೇವರು ಯೋಚನೆ ಮಾಡಲಿಲ್ಲ.

ಈಗ 35ನೇ ಅಧ್ಯಾಯದ 34ನೇ ವಚನಕ್ಕೆ ಬನ್ನಿ. ಬೆಚಲೇಲನಿಗೂ ದಾನ್ ಕುಲದ ಒಹೊಲೀಯಾಬನಿಗೂ ದೇವರು ಇನ್ನೊಂದು ವರ ಕೊಟ್ಟರು ಅಂತ ಅಲ್ಲಿ ಇದೆ. ಬೇರೆಯವರಿಗೆ ಕಲಿಸಿಕೊಡುವ ವರ. ದೇವದರ್ಶನದ ಗುಡಾರಕ್ಕೆ 48 ಚೌಕಟ್ಟು ಬೇಕಿತ್ತು. ಒಂದೊಂದೂ 28 ಮೊಳ ಉದ್ದದ ಹತ್ತು ಪರದೆ ಬೇಕಿತ್ತು. ಮೇಲೆ ಹಾಕೋಕೆ ಆಡಿನ ಕೂದಲಿನ ಹನ್ನೊಂದು ಪರದೆ ಬೇರೆ. ಇಬ್ಬರು ಮನುಷ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಅವರು ತಮಗೆ ಬಂದದ್ದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಗುಡಾರ ಏಳ್ತಿರಲಿಲ್ಲ. ಅಂದರೆ ಪವಿತ್ರಾತ್ಮನು ಕೌಶಲ ಕೊಡುವಾಗ ಜೊತೆಗೆ ಒಬ್ಬ ಶಿಷ್ಯನನ್ನೂ ಮನಸ್ಸಲ್ಲಿ ಇಟ್ಕೊಂಡೇ ಕೊಡ್ತಾನೆ.

ಪ್ರಿಯರೇ, ಇವತ್ತಿನ ಪಾಠ ಇಷ್ಟೇ. ನಿಮ್ಮ ಡಿಗ್ರಿ, ನಿಮ್ಮ ಡಿಪ್ಲೊಮಾ, ನಿಮಗೆ ಬರುವ ಲೆಕ್ಕ, ನಿಮಗೆ ಬರುವ ಇಂಗ್ಲಿಷ್ ನಿಮಗೊಬ್ಬರಿಗೆ ಕೊಟ್ಟದ್ದಲ್ಲ. ನಮ್ಮ ಸಭೆಯ ಹತ್ತನೇ ಕ್ಲಾಸ್ ಮಕ್ಕಳಿಗೆ ಅದರಲ್ಲಿ ಪಾಲಿದೆ.

ಪ್ರಾರ್ಥನೆ ಮತ್ತು ಸುತ್ತಿಗೆ

ಗುಡಾರದ ದೀಪಸ್ತಂಭವನ್ನು ನೆನಪು ಮಾಡಿಕೊಳ್ಳಿ. ಒಂದು ತಲಾಂತು ಚೊಕ್ಕ ಬಂಗಾರ, ಅದನ್ನು ಬಡಿದು ಬಡಿದು ರೂಪ ಕೊಡಬೇಕು ಅಂತ ದೇವರ ಆಜ್ಞೆ. ಆತ್ಮ ತುಂಬಿದ ಮೇಲೂ ಸುತ್ತಿಗೆ ಏಟು ತಪ್ಪಲಿಲ್ಲ. ಅಭಿಷೇಕ ಆ ಏಟನ್ನು ತೆಗೆದುಹಾಕಲಿಲ್ಲ, ಆ ಏಟು ಸರಿಯಾದ ಜಾಗದಲ್ಲಿ ಬೀಳುವ ಹಾಗೆ ಮಾಡಿತು.

ಕೆಲವು ಮಕ್ಕಳು ಹೇಳ್ತಾರೆ, "ಅಣ್ಣ, ವಿಶ್ವಾಸ ಇದ್ರೆ ಸಾಕಲ್ವಾ? ಎಕ್ಸಾಮ್ ಹಾಲ್‌ನಲ್ಲಿ ಪವಿತ್ರಾತ್ಮನೇ ನೆನಪು ಮಾಡಿಸ್ತಾನೆ." ಹೌದು ತಮ್ಮಾ, ನೆನಪು ಮಾಡಿಸ್ತಾನೆ. ಓದಿದ್ದನ್ನು ನೆನಪು ಮಾಡಿಸ್ತಾನೆ. ದಾನಿಯೇಲನ ವಿಷಯ ನೋಡಿ. ಬಾಬೆಲಿನಲ್ಲಿ ಅವನಿಗೂ ಸ್ನೇಹಿತರಿಗೂ ಮೂರು ವರ್ಷದ ಕೋರ್ಸ್ ಇತ್ತು. ಕಸ್ದೀಯರ ಭಾಷೆ, ಕಸ್ದೀಯರ ಗ್ರಂಥಗಳು. ಪರಲೋಕದ ದೇವರನ್ನು ಆರಾಧಿಸುವ ಹುಡುಗರು ಪರದೇಶದ ಸಿಲಬಸ್ ಓದಿದರು. ದೇವರು ಅವರಿಗೆ ಜ್ಞಾನ ಕೊಟ್ಟದ್ದು ಆ ಓದಿನ ಒಳಗೇ.

ಇದರ ಇನ್ನೊಂದು ಮುಖವೂ ಇದೆ. ಒಂದು ಮಗು ಫೇಲ್ ಆದರೆ "ವಿಶ್ವಾಸ ಸಾಲಲಿಲ್ಲ", "ಮನೆಯಲ್ಲಿ ಏನೋ ಪಾಪ ಇರಬೇಕು" ಅನ್ನೋ ಮಾತು ಸಭೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಆ ಮಗುವಿಗೆ ಟ್ಯೂಷನ್ ಇರಲಿಲ್ಲ, ಮನೆಯಲ್ಲಿ ಕೂತು ಓದೋಕೆ ಒಂದು ಮೂಲೆ ಇರಲಿಲ್ಲ, ಎಂಟನೇ ಕ್ಲಾಸಿನಿಂದಲೇ ಗಣಿತದ ಅಡಿಪಾಯ ಇರಲಿಲ್ಲ. ಅದಕ್ಕೆ ಆತ್ಮಿಕ ಹೆಸರು ಇಟ್ಟು ನಾವು ಕೈತೊಳೆದುಕೊಳ್ಳೋದು ಸರಿಯಲ್ಲ.

ಒಹೊಲೀಯಾಬನ ಕೆಲಸ: ಜೊತೆಗೆ ಕೂರುವುದು

ಈಗ ಕೈಗೆ ಸಿಗುವ ಮಾತು ಹೇಳ್ತೀನಿ. ಬರ್ಕೊಳ್ಳಿ.

ಮೊದಲನೇದು ಜಾಗ. ನಮ್ಮಲ್ಲಿ ತುಂಬಾ ಮಕ್ಕಳದ್ದು ಒಂದೇ ರೂಮಿನ ಮನೆ. ಅಲ್ಲೇ ಅಡುಗೆ, ಅಲ್ಲೇ ಟಿವಿ, ಅಲ್ಲೇ ಚಿಕ್ಕ ತಮ್ಮನ ಆಟ. ನಮ್ಮ ಸಭೆಯ ಹಾಲ್ ವಾರದಲ್ಲಿ ಎಷ್ಟೋ ಸಂಜೆ ಬೀಗ ಹಾಕಿಕೊಂಡು ಇರುತ್ತೆ. ಫ್ಯಾನ್ ಇದೆ, ಲೈಟ್ ಇದೆ, ಕುರ್ಚಿ ಇದೆ. ವಾರಕ್ಕೆ ಮೂರು ದಿನ ಸಂಜೆ 6ರಿಂದ 8ರವರೆಗೆ ಅದನ್ನು ಓದುವ ಜಾಗ ಮಾಡೋಣ. ಒಂದು ನಿಯಮ ಇರಲಿ: ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು, ಅಪ್ಪ ಅಮ್ಮನಿಗೆ ಗೊತ್ತಿರಬೇಕು, ಮಕ್ಕಳು ಮನೆ ಮುಟ್ಟಿದ್ದು ತಿಳಿಯಬೇಕು. ಮಕ್ಕಳ ಸುರಕ್ಷತೆ ಕೂಡ ಸೇವೆಯ ಭಾಗವೇ.

ಎರಡನೇದು ಓದುವ ಕ್ರಮ. ನಮ್ಮ ಮಕ್ಕಳು ಪಾಠವನ್ನು ಮತ್ತೆ ಮತ್ತೆ ಓದ್ತಾರೆ, ಅಂಡರ್‌ಲೈನ್ ಮಾಡ್ತಾರೆ, ಗೊತ್ತಾಯ್ತು ಅಂದ್ಕೊಳ್ತಾರೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ ಇದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ ಬಂದರು. ಪರೀಕ್ಷೆ ಐದು ನಿಮಿಷಕ್ಕೆ ಬರೋದಿಲ್ಲ, ವಾರಗಳ ಮೇಲೆ ಬರುತ್ತೆ. ಆದ್ದರಿಂದ ಮಗುವಿಗೆ ಹೇಳಿ: ಓದು, ಪುಸ್ತಕ ಮುಚ್ಚು, ಬರಿ, ತೆರೆದು ತಿದ್ದು.

ಧರ್ಮೋಪದೇಶಕಾಂಡ 6ರಲ್ಲಿ ದೇವರು ತನ್ನ ಮಾತುಗಳನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಹೇಳಿದ್ದಾರೆ? ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಅದರ ಬಗ್ಗೆ ಮಾತಾಡಬೇಕು ಅಂತ. ಒಂದೇ ಸಲ ಎಂಟು ಗಂಟೆ ಅಲ್ಲ. ಸ್ವಲ್ಪ ಸ್ವಲ್ಪ, ದಿನದಲ್ಲಿ ಹಲವು ಸಲ, ಬಾಯಿಬಿಟ್ಟು. ಆ ಕ್ರಮ ವಿಜ್ಞಾನದ ಪಾಠಕ್ಕೂ ಒಗ್ಗುತ್ತೆ. ಬಸ್ ಸ್ಟಾಪಿಗೆ ನಡೆಯುವಾಗ ನೀವು ಆ ಮಗುವನ್ನು ಕೇಳಬಹುದು, "ಹೃದಯಕ್ಕೆ ಎಷ್ಟು ಕೋಣೆ? ಶ್ವಾಸಕೋಶದಿಂದ ಬರುವ ರಕ್ತ ಯಾವ ಕೋಣೆಗೆ ಬರುತ್ತೆ?" ಅಂತ.

ಮೂರನೇದು ಪ್ರಶ್ನೆಪತ್ರಿಕೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಉಚಿತವಾಗಿ ಹಾಕುತ್ತೆ. ಎಷ್ಟೋ ಮನೆಗಳಲ್ಲಿ ಪ್ರಿಂಟರ್ ಇಲ್ಲ, ಆಫೀಸಿಗೆ ಹೋಗುವ ನಿಮಗೆ ಒಂದು ಪ್ರಿಂಟ್ ತೆಗೆಸೋದು ಕಷ್ಟ ಅಲ್ಲ, ಹೊರಗಿನ ಅಂಗಡಿಯಲ್ಲಿ ಕೆಲವೇ ರೂಪಾಯಿ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಮೂರರಲ್ಲೂ ಬರೆಯುವ ಪರೀಕ್ಷೆ 80 ಅಂಕ, ಆಂತರಿಕ ಅಂಕ 20. ಶನಿವಾರ ಬೆಳಿಗ್ಗೆ ಗಡಿಯಾರ ಇಟ್ಟು ಒಂದು ಪೂರ್ತಿ ಪತ್ರಿಕೆ ಬರೆಸಿ. ಮೊದಲು ಪ್ರಶ್ನೆ ಓದೋಕೆ ಕೊಡುವ 15 ನಿಮಿಷವನ್ನೂ ಅಭ್ಯಾಸ ಮಾಡಿಸಿ. ಗೊತ್ತಿರುವ ಉತ್ತರ ಮೊದಲು ಬರೆಯೋದು, ಪ್ರಶ್ನೆ ನಂಬರ್ ಸರಿಯಾಗಿ ಹಾಕೋದು, ಚಿತ್ರಕ್ಕೆ ಭಾಗಗಳ ಹೆಸರು ಬರೆಯೋದು, ಭಾರತದ ನಕ್ಷೆಯಲ್ಲಿ ಸ್ಥಳ ಗುರುತಿಸೋದು, ಲೆಕ್ಕ ಪೂರ್ತಿ ಬರದಿದ್ದರೂ ಸೂತ್ರ ಮತ್ತು ಮೊದಲ ಹಂತ ಬರೆಯೋದು. ಇವೆಲ್ಲ ಚಿಕ್ಕ ವಿಷಯ ಅನ್ನಿಸುತ್ತೆ. ಗಡಿಯಲ್ಲಿ ನಿಂತಿರುವ ಮಗುವನ್ನು ದಾಟಿಸೋದು ಇಂಥ ಚಿಕ್ಕ ವಿಷಯಗಳೇ.

ನಾಲ್ಕನೇದು, ಇದು ಸಭೆಯ ದೊಡ್ಡವರಿಗೂ ಸೇರಿಸಿ ಹೇಳ್ತೀನಿ. ಪರೀಕ್ಷೆಯ ವಾರಗಳಲ್ಲಿ ಹತ್ತನೇ ಕ್ಲಾಸ್ ಹುಡುಗನನ್ನು ರಾತ್ರಿ ಪ್ರಾರ್ಥನೆಗೆ ಕೀಬೋರ್ಡ್ ನುಡಿಸೋಕೆ ಕರೀಬೇಡಿ. ತಂಗಿಯನ್ನು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಸಂಡೇ ಸ್ಕೂಲ್, ಅಡುಗೆ, ಕ್ಲೀನಿಂಗ್ ಅಂತ ನಿಲ್ಲಿಸಬೇಡಿ. ಆರಾಧನೆಗೆ ಬರಲಿ, ಆಶೀರ್ವಾದ ತಗೊಳ್ಳಲಿ, ಮನೆಗೆ ಹೋಗಿ ಓದಲಿ, ನಿದ್ದೆ ಮಾಡಲಿ. ಅವರ ಬದಲು ಉಪವಾಸ ಮಾಡೋಕೆ, ರಾತ್ರಿ ಎಚ್ಚರ ಇರೋಕೆ ನಾವು ದೊಡ್ಡವರು ಇದ್ದೀವಲ್ಲ.

"ನೀನು ಡಾಕ್ಟರ್ ಆಗ್ತೀಯ": ಪ್ರವಾದನೆಯನ್ನು ಪರಿಶೋಧಿಸುವುದು

ಈಗ ಸ್ವಲ್ಪ ಸೂಕ್ಷ್ಮವಾದ ವಿಷಯ. ಒಂದು ಹುಡುಗಿ ಅಂದುಕೊಳ್ಳಿ. ಏಳು ವರ್ಷದವಳಿದ್ದಾಗ ಒಂದು ಕೂಟದಲ್ಲಿ ಬಂದ ಪ್ರಸಂಗಿ ತಲೆ ಮೇಲೆ ಕೈಯಿಟ್ಟು, ಈ ಮಗು ಡಾಕ್ಟರ್ ಆಗುತ್ತೆ ಅಂದರು. ಅಮ್ಮ ಅದನ್ನು ಬೈಬಲಿನ ಕೊನೆ ಪುಟದಲ್ಲಿ ಬರೆದಿಟ್ಟಿದ್ದಾಳೆ. ಈಗ ಹುಡುಗಿಗೆ 16. ಅವಳಿಗೆ ಜೀವಶಾಸ್ತ್ರ ಅಂದರೆ ಭಯ, ಲೆಕ್ಕಪತ್ರ ಅಂದರೆ ಇಷ್ಟ. ಆದರೆ ಬಾಯಿ ಬಿಟ್ಟು ಹೇಳೋಕೆ ಆಗಲ್ಲ. ಹೇಳಿದರೆ ದೇವರ ಮಾತಿಗೆ ಅವಿಧೇಯಳಾದೆ ಅನ್ನೋ ಹೆದರಿಕೆ. ಪ್ರಿಯರೇ, ನಮ್ಮ ಸಭೆಗಳಲ್ಲಿ ಇಂಥ ಭಾರ ಹೊತ್ತ ಮಕ್ಕಳು ಇದ್ದಾರೆ.

ನಾವು ಪ್ರವಾದನೆಯನ್ನು ನಂಬ್ತೀವಿ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರದ 5ನೇ ಅಧ್ಯಾಯದಲ್ಲಿ ಎರಡು ಮಾತನ್ನು ಜೊತೆಯಾಗಿ ಹೇಳ್ತಾನೆ. ಪ್ರವಾದನೆಗಳನ್ನು ಕಡೆಗಣಿಸಬೇಡಿ, ಎಲ್ಲವನ್ನೂ ಪರಿಶೋಧಿಸಿ, ಒಳ್ಳೇದನ್ನು ಹಿಡ್ಕೊಳ್ಳಿ ಅನ್ನೋದು ಅದರ ಸಾರ. ನಾವು ಮೊದಲನೇದನ್ನು ಮಾತ್ರ ಮಾಡಿ ಎರಡನೇದನ್ನು ಬಿಟ್ಟರೆ ಅರ್ಧ ವಿಧೇಯತೆ. ಹೇಗೆ ಪರಿಶೋಧಿಸೋದು? ದೇವರು ಆ ಮಗುವಿನಲ್ಲಿ ಇಟ್ಟಿರುವ ಸಾಮರ್ಥ್ಯ ಏನು ನೋಡಿ. ಶಾಲೆಯ ಟೀಚರ್ ಏನಂತಾರೆ ಕೇಳಿ. ಮಗುವನ್ನೇ ಕೂರಿಸ್ಕೊಂಡು ಕೇಳಿ. ದೇವರು ಯಾರನ್ನಾದರೂ ಒಂದು ಕೆಲಸಕ್ಕೆ ಕರೆದರೆ ಅದಕ್ಕೆ ಬೇಕಾದ ಜ್ಞಾನ, ವಿವೇಕವನ್ನೂ ಕೊಡ್ತಾರೆ ಅಂತ ಬೆಚಲೇಲನ ಜೀವನವೇ ತೋರಿಸುತ್ತೆ.

ಮಕ್ಕಳಿಗೆ ದಾರಿಗಳು ಎಷ್ಟಿವೆ ಅಂತಲೇ ಗೊತ್ತಿಲ್ಲ. ನಿಮಗೆ ಗೊತ್ತಿದೆ, ಹೇಳಿ. ಪಿಯುಸಿ ಸೈನ್ಸ್ ತಗೊಳ್ಳುವವರಿಗೆ ಒಂದು ಎಚ್ಚರಿಕೆ ಕೊಡಿ: ಬಯಾಲಜಿ ಇಲ್ಲದೆ ನೀಟ್ ದಾರಿ ಇಲ್ಲ, ಗಣಿತ ಇಲ್ಲದೆ ಸಿಇಟಿಯಲ್ಲಿ ಇಂಜಿನಿಯರಿಂಗ್ ದಾರಿ ಇಲ್ಲ. ಅಪ್ಲಿಕೇಶನ್ ತುಂಬುವ ದಿನ ಗೆಳೆಯ ಏನು ತಗೊಂಡ ಅಂತ ನೋಡಿ ಕಾಂಬಿನೇಶನ್ ಆರಿಸೋದಲ್ಲ. ಕಾಮರ್ಸ್ ಮತ್ತು ಆರ್ಟ್ಸ್ ಕಡಿಮೆ ಅಂಕದವರ ಜಾಗ ಅನ್ನೋ ಮಾತು ಬಿಡಿಸಿ. ವಕೀಲರಾಗೋಕೆ, ಅಕೌಂಟೆಂಟ್ ಆಗೋಕೆ, ಟೀಚರ್ ಆಗೋಕೆ, ಸರ್ಕಾರಿ ಪರೀಕ್ಷೆ ಬರೆಯೋಕೆ ಅಲ್ಲಿಂದಲೂ ದಾರಿ ಇದೆ.

ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಅದು ಮುಗಿಸಿ ಡಿಸಿಇಟಿ ಬರೆದರೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಅಂದರೆ ಐಟಿಐ ಅನ್ನೋದು ಮುಚ್ಚಿದ ಬಾಗಿಲು ಅಲ್ಲ, ಮೆಟ್ಟಿಲು. ಬೆಂಗಳೂರಿನ ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ, ಜಿಟಿಟಿಸಿ ಅಂತಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್‌ನಲ್ಲಿ ಡಿಪ್ಲೊಮಾ ಕಲಿಸ್ತಾರೆ. ಬೆಚಲೇಲ ಇವತ್ತು ಇದ್ದಿದ್ದರೆ ಬಹುಶಃ ಅಲ್ಲೇ ಅರ್ಜಿ ಹಾಕ್ತಿದ್ದ!

ಕಾಗದ ಪತ್ರದ ವಿಷಯವೂ ನೋಡಿ. ಸ್ಕಾಲರ್‌ಶಿಪ್‌ಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಜೂನ್‌ನಲ್ಲಿ ಓಡಾಡಬೇಕಾಗುತ್ತೆ. ಓದು ಬರದ ಅಪ್ಪ ಅಮ್ಮನಿಗೆ ಇದು ಬೆಟ್ಟ. ನಿಮಗೆ ಮೊಬೈಲಿನಲ್ಲಿ ಅರ್ಧ ಗಂಟೆ, ಜೊತೆಗೆ ಕಚೇರಿಗೆ ಹೋಗಿ ಬರೋಕೆ ಒಂದು ದಿನದ ರಜೆ.

ಫಲಿತಾಂಶದ ದಿನ

ಕೊನೆಯದಾಗಿ ಫಲಿತಾಂಶದ ದಿನದ ಬಗ್ಗೆ. ಆ ದಿನ ಕೆಲವು ಮಕ್ಕಳು ಮನೆಗೆ ಹೋಗೋಕೆ ಹೆದರ್ತಾರೆ. ಸಭೆಗೆ ಬರೋಕೂ ಹೆದರ್ತಾರೆ, ಯಾಕಂದ್ರೆ ಬಾಗಿಲಲ್ಲೇ ಆಂಟಿಯರು "ಎಷ್ಟು ಬಂತು?" ಅಂತ ಕೇಳ್ತಾರೆ.

ಮತ್ತಾಯ 3ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಯೊರ್ದನ್ ನದಿಯಿಂದ ಮೇಲೆ ಬಂದಾಗ ತಂದೆಯ ಸ್ವರ ಕೇಳಿಸಿತು. ಇವನು ನನಗೆ ಪ್ರಿಯನಾದ ಮಗ, ಇವನಲ್ಲಿ ನನಗೆ ಸಂತೋಷ ಅನ್ನುವ ಸಾಕ್ಷಿ. ಗಮನಿಸಿ, ಆಗ ಯೇಸು ಒಂದು ಪ್ರಸಂಗವನ್ನೂ ಮಾಡಿರಲಿಲ್ಲ, ಒಂದು ಅದ್ಭುತವನ್ನೂ ಮಾಡಿರಲಿಲ್ಲ. ಫಲಿತಾಂಶಕ್ಕೆ ಮುಂಚೆಯೇ ತಂದೆ ಸಂತೋಷಪಟ್ಟರು. ನಮ್ಮ ಮಕ್ಕಳೂ ಅದೇ ಕ್ರಮದಲ್ಲಿ ಅದನ್ನು ಕೇಳಬೇಕು. ಮೊದಲು ನೀನು ನಮ್ಮವನು, ಆಮೇಲೆ ಅಂಕ.

ಆ ದಿನ ನೀವು ಮಾಡಬೇಕಾದ್ದು ಇಷ್ಟು. ಫೋನ್ ಮಾಡಬೇಡಿ, ಮನೆಗೆ ಹೋಗಿ. ಅಂಕ ಕೇಳಬೇಡಿ, ಊಟ ಆಯ್ತಾ ಕೇಳಿ. ಫೇಲ್ ಆಗಿದ್ದರೆ ತಿಳಿಸಿ ಹೇಳಿ: ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಾಸಾದವರೂ ಅಂಕ ಹೆಚ್ಚಿಸ್ಕೊಳ್ಳೋಕೆ ಬರೀಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತೆ. ಮಾರನೇ ದಿನದಿಂದ ಹಾಲ್ ಮತ್ತೆ ತೆರೆದಿರುತ್ತೆ ಅಂತ ಹೇಳಿ.

ಮಗು ತೀರಾ ಮೌನವಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬದುಕೋದು ಬೇಡ ಅನ್ನುವ ಮಾತು ಬಂದರೆ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪ್ರಾರ್ಥನೆ ಮಾಡಿ, ಆ ನಂಬರಿಗೂ ಫೋನ್ ಮಾಡಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಇದು ವಿಶ್ವಾಸ ಕಡಿಮೆಯಾದ ಲಕ್ಷಣ ಅಲ್ಲ. ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಕರ್ಕೊಂಡು ಹೋಗಿ ಖರ್ಚು ಕೊಟ್ಟ ಸಮಾರ್ಯದವನು ಮಾಡಿದ್ದೂ ಇದನ್ನೇ.

ಈ ವಾರದ ಅಭ್ಯಾಸ

1. ನಿಮ್ಮ ಸೆಲ್ ಗುಂಪಿನ ಏರಿಯಾದಲ್ಲಿ ಹತ್ತನೇ ಕ್ಲಾಸ್ ಮಕ್ಕಳು ಯಾರ್ಯಾರು ಇದ್ದಾರೆ? ಹೆಸರು ಬರೆಯಿರಿ. ನಮ್ಮ ಸಭೆಗೆ ಬರದ ಮನೆಯ ಮಕ್ಕಳನ್ನೂ ಸೇರಿಸಿ. ಅವರಿಗೆ ಲೆಕ್ಕ ಹೇಳಿಕೊಡಿ, ಬೇರೆ ಯಾವ ಷರತ್ತೂ ಬೇಡ.

2. ನಿಮಗೆ ಚೆನ್ನಾಗಿ ಬರುವ ಒಂದು ವಿಷಯ ಯಾವುದು? ವಾರದಲ್ಲಿ ಯಾವ ಸಂಜೆ ಎರಡು ಗಂಟೆ ಕೊಡ್ತೀರಿ? ವಾರದ ದಿನಗಳಲ್ಲಿ ನಾನೂ ನಿಮ್ಮ ಹಾಗೆ ಕೆಲಸಕ್ಕೆ ಹೋಗುವವನೇ. ಮಂಗಳವಾರ ಸಂಜೆ ನನ್ನದು.

3. ನೀವು ಓದಿದ ಕೋರ್ಸ್, ಮಾಡುವ ಕೆಲಸದ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಹೇಳೋಕೆ ಸಿದ್ಧರಾಗಿ. ಸಂಬಳ, ಕಷ್ಟ, ಶಿಫ್ಟ್ ಎಲ್ಲ ನಿಜವಾಗಿ ಹೇಳಿ.

4. ವಿಮೋಚನಕಾಂಡ 35ನ್ನು ಮನೆಯಲ್ಲಿ ಪೂರ್ತಿ ಓದಿ. ನೂಲು ನೂತ ಸ್ತ್ರೀಯರ ಬಗ್ಗೆ ಅಲ್ಲಿ ಏನಿದೆ ಅಂತ ಬರ್ಕೊಂಡು ಬನ್ನಿ.

ಪ್ರಾರ್ಥಿಸೋಣ

ಪರಲೋಕದ ತಂದೆಯೇ, ಬೆಚಲೇಲನನ್ನು ಹೆಸರು ಹಿಡಿದು ಕರೆದ ದೇವರೇ, ನಮ್ಮ ಮಕ್ಕಳ ಹೆಸರೂ ನಿಮಗೆ ಗೊತ್ತು. ಅವರ ಕೈಗಳನ್ನೂ ಬುದ್ಧಿಯನ್ನೂ ನಿಮ್ಮ ಆತ್ಮದಿಂದ ತುಂಬಿಸಿರಿ. ಹೆದರಿಕೆಯ ಆತ್ಮವನ್ನು ಅವರಿಂದ ದೂರ ಮಾಡಿರಿ. ನಮಗೆ ಕೊಟ್ಟ ವಿದ್ಯೆಯನ್ನು ನಮ್ಮಲ್ಲೇ ಮುಚ್ಚಿಟ್ಟುಕೊಳ್ಳದ ಹಾಗೆ ನಮ್ಮನ್ನು ಎಬ್ಬಿಸಿರಿ. ಈ ಹಾಲಿನ ಬಾಗಿಲು ಮಕ್ಕಳಿಗೆ ತೆರೆದಿರಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಮಂಗಳವಾರ 6 ಗಂಟೆಗೆ ಸಿಗೋಣ. ಬರುವಾಗ ಪೆನ್ನು ತನ್ನಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.